ಪಂಚಾಂಗ ನೋಡಿ ಹೊರಡಿ: ಇಂಗ್ಲೆಂಡಿನ ಕಡಲೂರಿನಲ್ಲಿ ಒಂದು ದಿನ

ಪ್ರಶ್ನೆ: ನಾವು ಲಂಡನ್ನಿನ ಈಸ್ಟ್ ಹ್ಯಾಮ್‌ನಲ್ಲಿದ್ದೇವೆ. ಹಾಸನದಿಂದ ಅತ್ತೆ ಮಾವ ಬಂದಿದ್ದಾರೆ, ಆಗಸ್ಟ್ ಕೊನೆಯವರೆಗೆ ಇರುತ್ತಾರೆ. ಮಾವನವರಿಗೆ 70 ವರ್ಷ, ಅತ್ತೆಯವರಿಗೆ ಮಂಡಿ ನೋವು. ಮಕ್ಕಳಿಗೆ 9 ಮತ್ತು 4. ಕಾರಿಲ್ಲ. ಹೋದ ವರ್ಷ ನಾವು ನಾಲ್ವರೇ ಒಂದು ಭಾನುವಾರ ಸೌತೆಂಡ್‌ಗೆ ಹೋಗಿದ್ದೆವು. ಮಧ್ಯಾಹ್ನ ಹನ್ನೆರಡೂವರೆಗೆ ತಲುಪಿದರೆ ಸಮುದ್ರವೇ ಇಲ್ಲ, ಕಣ್ಣು ಹಾಯುವಷ್ಟು ದೂರ ಬರೀ ಕೆಸರು. ಗಾಳಿಗೆ ನಡುಗುತ್ತಾ ಚಿಪ್ಸ್ ತಿಂದು, ವಾಪಸು ರೈಲಿಲ್ಲದೆ ಬದಲಿ ಬಸ್ಸು ಹತ್ತಿ ಮನೆ ಸೇರಿದಾಗ ರಾತ್ರಿ ಒಂಬತ್ತು. ಈ ಸಲ ಹಿರಿಯರೂ ಜೊತೆಗಿದ್ದಾರೆ, ಎಲ್ಲರೂ ಸಸ್ಯಾಹಾರಿಗಳು. ಯಾವ ಊರಿಗೆ, ಯಾವ ದಿನ, ಏನು ತಯಾರಿ ಮಾಡಿಕೊಂಡು ಹೋಗಬೇಕು?

ಉತ್ತರ: ಸಮುದ್ರ ಅಲ್ಲೇ ಇತ್ತು, ನೀವು ಹೋದ ಹೊತ್ತಿಗೆ ಇಳಿದು ಹೋಗಿತ್ತು. ಕಡಲೂರಿಗೆ ಹೊರಡುವವರು ಮೊದಲು ಊರು ಆರಿಸುತ್ತಾರೆ, ಆಮೇಲೆ ರೈಲು ನೋಡುತ್ತಾರೆ, ಉಬ್ಬರ ಇಳಿತದ ಪಟ್ಟಿಯನ್ನು ನೋಡುವುದೇ ಇಲ್ಲ. ಇಂಗ್ಲೆಂಡಿನಲ್ಲಿ ಈ ಕ್ರಮ ತಿರುಗಿಸಬೇಕು. ಮೊದಲು ಉಬ್ಬರದ ಹೊತ್ತು, ಆಮೇಲೆ ಗಾಳಿ, ಆಮೇಲೆ ಊರು, ರೈಲು ಕೊನೆಗೆ.

ನಮ್ಮ ಕರಾವಳಿಯಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಡುವೆ ನೀರಿನ ಮಟ್ಟದ ವ್ಯತ್ಯಾಸ ಹೆಚ್ಚೆಂದರೆ ಎರಡು ಮೀಟರಿನ ಆಸುಪಾಸು. ಮಲ್ಪೆಗೋ ಉಳ್ಳಾಲಕ್ಕೋ ಯಾವ ಹೊತ್ತಿಗೆ ಹೋದರೂ ಕಡಲು ತನ್ನ ಜಾಗ ಬಿಟ್ಟಿರುವುದಿಲ್ಲ. ಸೌತೆಂಡ್ ಇರುವುದು ಥೇಮ್ಸ್ ನದಿಯ ಅಳಿವೆಯಲ್ಲಿ. ಅಲ್ಲಿ ದೊಡ್ಡ ಉಬ್ಬರದ ದಿನಗಳಲ್ಲಿ ಈ ವ್ಯತ್ಯಾಸ ಐದು ಮೀಟರ್ ದಾಟುತ್ತದೆ, ತಳವೋ ತಟ್ಟೆಯಂತೆ ಸಪಾಟು. ಹಾಗಾಗಿ ನೀರು ಒಂದೂವರೆ ಕಿಲೋಮೀಟರಿನಷ್ಟು ಹಿಂದೆ ಸರಿಯುತ್ತದೆ. ಸೌತೆಂಡ್‌ನ ಪಿಯರ್, ಅಂದರೆ ಕಡಲೊಳಕ್ಕೆ ಚಾಚಿದ ವಿಹಾರ ಸೇತುವೆ, ಜಗತ್ತಿನಲ್ಲೇ ಅತಿ ಉದ್ದದ್ದು, 2.1 ಕಿಲೋಮೀಟರಿಗೂ ಹೆಚ್ಚು. ಅದನ್ನು ದಾಖಲೆಗೆಂದು ಅಷ್ಟು ಉದ್ದ ಕಟ್ಟಲಿಲ್ಲ. ಲಂಡನ್ನಿನಿಂದ ಬರುವ ಹಡಗಿಗೆ ಇಳಿತದ ಹೊತ್ತಿನಲ್ಲೂ ನಿಲ್ಲಲು ನೀರು ಬೇಕಿತ್ತು, ನೀರು ಇದ್ದದ್ದು ಅಷ್ಟು ದೂರದಲ್ಲಿ.

ಇಲ್ಲಿ ನಿಮ್ಮ ಮಾವನವರ ಒಂಟಿಕೊಪ್ಪಲ್ ಪಂಚಾಂಗ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಉಬ್ಬರಕ್ಕೆ ಚಂದ್ರನೇ ಯಜಮಾನ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ, ಅಂದರೆ ಸರಾಸರಿ ದಿನಕ್ಕೆ 50 ನಿಮಿಷ ತಡ. ಹದಿನೈದು ದಿನಕ್ಕೆ ಚಕ್ರ ಒಂದು ಸುತ್ತು ಬಂದು ಅದೇ ತಿಥಿಗೆ ಹೆಚ್ಚುಕಡಿಮೆ ಅದೇ ಗಂಟೆಗೆ ಉಬ್ಬರ ಬರುತ್ತದೆ. ಥೇಮ್ಸ್ ಅಳಿವೆಯ ಲೆಕ್ಕ ಹೀಗೆ: ಹುಣ್ಣಿಮೆ, ಅಮಾವಾಸ್ಯೆಗಳಂದು ಬೇಸಿಗೆಯಲ್ಲಿ ಒಂದು ಗಂಟೆ ಮುಂದಿಡುವ ಗಡಿಯಾರದ ಪ್ರಕಾರ ಕೆಂಟ್ ಕೌಂಟಿಯ ಮಾರ್ಗೇಟ್‌ನಲ್ಲಿ ಮಧ್ಯಾಹ್ನ ಒಂದರ ಸುಮಾರಿಗೆ, ಸೌತೆಂಡ್‌ನಲ್ಲಿ ಒಂದೂವರೆಗೆ ಉಬ್ಬರ ತುಂಬುತ್ತದೆ. ಬಿದಿಗೆ ತದಿಗೆಯ ಹೊತ್ತಿಗೆ ಅದು ಎರಡು ಮೂರು ಗಂಟೆಗೆ ಸರಿದಿರುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಉಬ್ಬರ ಬೆಳಿಗ್ಗೆ ಮತ್ತು ಸಂಜೆ ಆರು ಏಳಕ್ಕೆ ಹೋಗಿ, ಮಟಮಟ ಮಧ್ಯಾಹ್ನಕ್ಕೆ ಇಳಿತ ಬೀಳುತ್ತದೆ. ನೀವು ಹೋದ ಭಾನುವಾರ ಅಷ್ಟಮಿ ನವಮಿಯ ಹತ್ತಿರವೇ ಇದ್ದಿರಬೇಕು.

ಈ ಲೆಕ್ಕ ಆ ಭಾಗಕ್ಕೆ ಮಾತ್ರ. ಯಾರ್ಕ್‌ಶೈರ್‌ನ ವಿಟ್ಬಿಯಲ್ಲಿ ಅದೇ ಹುಣ್ಣಿಮೆಯ ಉಬ್ಬರ ಸಂಜೆ ನಾಲ್ಕು ದಾಟಿದ ಮೇಲೆ ಬರುತ್ತದೆ. ಆದ್ದರಿಂದ ಪಂಚಾಂಗದಿಂದ ವಾರ ಗುರುತು ಹಾಕಿಕೊಳ್ಳಿ, ನಿಮಿಷಕ್ಕೆ ಆ ಊರಿನ ಉಬ್ಬರದ ಪಟ್ಟಿಯನ್ನೇ ನೋಡಿ. ಪಟ್ಟಿ ನೋಡುವವರು ಎಡವುವ ಜಾಗ ಒಂದಿದೆ. ಕೆಲವು ಪಟ್ಟಿಗಳು ಬೇಸಿಗೆಯಲ್ಲೂ ಗ್ರೀನಿಚ್ ಸಮಯವನ್ನೇ ಕೊಡುತ್ತವೆ. ಮೇಲ್ಗಡೆ ಜಿಎಂಟಿ ಎಂದಿದ್ದರೆ ಒಂದು ಗಂಟೆ ಕೂಡಿಸಿಕೊಳ್ಳಬೇಕು, ಬಿಎಸ್‌ಟಿ, ಅಂದರೆ ಬ್ರಿಟನ್ನಿನ ಬೇಸಿಗೆ ಸಮಯ, ಎಂದಿದ್ದರೆ ಹಾಗೇ ಓದಿಕೊಳ್ಳಬಹುದು.

ನಿಮ್ಮ ಮನೆಯವರಿಗೆ ಹೊಂದುವುದು ಮಧ್ಯಾಹ್ನ ಎರಡರಿಂದ ಮೂರರೊಳಗೆ ಉಬ್ಬರ ತುಂಬುವ ದಿನ. ಹನ್ನೊಂದಕ್ಕೆ ತಲುಪಿದರೆ ಮರಳು ಇನ್ನೂ ಅಗಲವಾಗಿ ಹಾಸಿರುತ್ತದೆ, ಮಕ್ಕಳು ಕೋಟೆ ಕಟ್ಟಬಹುದು. ನೀರು ಬಿಸಿಲಿಗೆ ಕಾದ ಮರಳಿನ ಮೇಲೆ ಹರಿದು ಬರುವುದರಿಂದ ಅಂಚಿನ ನೀರು ಒಂದೆರಡು ಡಿಗ್ರಿ ಬೆಚ್ಚಗಿರುತ್ತದೆ. ನೀರು ಏರುವ ವೇಗ ಮಾತ್ರ ಒಂದೇ ಸಮನಲ್ಲ. ಆರು ಗಂಟೆಯ ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ, ಗಂಟೆಗಂಟೆಗೆ 1, 2, 3, 3, 2, 1 ಪಾಲು ಏರುತ್ತದೆ. ಒಟ್ಟು 4.8 ಮೀಟರ್ ಏರುವ ದಿನ ಮೊದಲ ಗಂಟೆಯಲ್ಲಿ 40 ಸೆಂಟಿಮೀಟರ್ ಅಷ್ಟೆ. ಮೂರನೆಯ, ನಾಲ್ಕನೆಯ ಗಂಟೆಗಳಲ್ಲಿ ತಲಾ 120. ಮೊದಲ ಗಂಟೆ ನೋಡಿ "ನಿಧಾನವಾಗಿ ಬರುತ್ತೆ ಬಿಡು" ಎಂದು ಬ್ಯಾಗು, ಚಪ್ಪಲಿ ಕೆಳಗೆ ಇಟ್ಟು ಕಣ್ಣು ಮುಚ್ಚಿದವರು ಎದ್ದಾಗ ಅವು ತೇಲುತ್ತಿರುತ್ತವೆ. ದಂಡೆಯಲ್ಲಿ ಒಣ ಪಾಚಿಯ ಗೆರೆಯೊಂದು ಕಾಣುತ್ತದೆ. ಅದು ಹಿಂದಿನ ಉಬ್ಬರ ಮುಟ್ಟಿದ ಎತ್ತರ. ಸಾಮಾನು ಆ ಗೆರೆಯಿಂದ ಮೇಲೆಯೇ ಇರಲಿ.

ಇನ್ನು ಗಾಳಿ. ಇಂಗ್ಲಿಷ್ ಕಡಲೂರಿನ ಚಳಿಗೆ ಥರ್ಮಾಮೀಟರ್ ಕಾರಣವಲ್ಲ, ಗಾಳಿಯ ದಿಕ್ಕು ಕಾರಣ. ಲಂಡನ್ನಿನಲ್ಲಿ 27 ಡಿಗ್ರಿ ಇದ್ದಾಗ ಕಡಲಿನಿಂದ ಬೀಸುವ ಗಾಳಿಗೆ ದಂಡೆಯಲ್ಲಿ ನಾಲ್ಕೈದು ಡಿಗ್ರಿ ಕಡಿಮೆ, ಮೈಗೆ ಇನ್ನೂ ಕಡಿಮೆ ಅನ್ನಿಸುತ್ತದೆ. ನೆಲದ ಕಡೆಯಿಂದ ಬೀಸಿದರೆ ಅದೇ ದಂಡೆ ಬೆಚ್ಚಗೆ. ಮಾರ್ಗೇಟ್‌ನ ದಂಡೆ ಉತ್ತರಕ್ಕೆ, ಸ್ವಲ್ಪ ಪಶ್ಚಿಮಕ್ಕೆ ಮುಖ ಮಾಡಿದೆ. ದಕ್ಷಿಣ ಕರಾವಳಿಯ ಬ್ರೈಟನ್, ಈಸ್ಟ್‌ಬೋರ್ನ್‌ಗಳು ದಕ್ಷಿಣಕ್ಕೆ ಮುಖ ಮಾಡಿವೆ. ಆದ್ದರಿಂದ ಹಿಂದಿನ ದಿನದ ಮುನ್ಸೂಚನೆಯಲ್ಲಿ ದಕ್ಷಿಣದ ಅಥವಾ ನೈಋತ್ಯದ ಗಾಳಿ ಎಂದಿದ್ದರೆ ಮಾರ್ಗೇಟ್, ಉತ್ತರದ ಅಥವಾ ಈಶಾನ್ಯದ ಗಾಳಿ ಎಂದಿದ್ದರೆ ಈಸ್ಟ್‌ಬೋರ್ನ್ ಇಲ್ಲವೇ ಬ್ರೈಟನ್. ಗಂಟೆಗೆ 15 ಮೈಲಿ ದಾಟಿದ ಗಾಳಿ ಯಾವ ದಿಕ್ಕಿನದ್ದಾದರೂ ಮರಳಿನ ದಂಡೆಯಲ್ಲಿ ಊಟ ಮಾಡುವ ಆಸೆ ಬಿಡಿ, ಮೊಸರನ್ನದಲ್ಲಿ ಮರಳು ಸಿಗುತ್ತದೆ. ಪೂರ್ವ ಕರಾವಳಿಯ ಸ್ಕಾರ್‌ಬರೋ, ವಿಟ್ಬಿ ಕಡೆ ಇನ್ನೊಂದು ಕಾಟವಿದೆ: ಪೂರ್ವದ ತೇವದ ಗಾಳಿ ತಣ್ಣನೆಯ ಕಡಲಿನ ಮೇಲೆ ಹಾದು ಬಂದಾಗ ದಂಡೆಗೆ ದಟ್ಟ ಮಂಜು ಕವಿಯುತ್ತದೆ. ಸ್ಥಳೀಯರು ಇದಕ್ಕೆ ಫ್ರೆಟ್ ಎನ್ನುತ್ತಾರೆ. ಹತ್ತು ಮೈಲಿ ಒಳಗೆ ಸುಡು ಬಿಸಿಲು, ದಂಡೆಯಲ್ಲಿ ಮಡಿಕೇರಿಯ ಜುಲೈ.

ಹೀಗೆ ಜರಡಿ ಹಿಡಿದರೆ ನಿಮ್ಮ ಐದು ವರ್ಷದೊಳಗಿನ ಮಗು, ನೋಯುವ ಮಂಡಿ, ಕಾರಿಲ್ಲದ ಪ್ರಯಾಣ ಎಲ್ಲಕ್ಕೂ ಕೆಂಟ್ ಕೌಂಟಿಯ ಮಾರ್ಗೇಟ್ ಮೊದಲ ಆಯ್ಕೆ. ನಿಲ್ದಾಣದಿಂದ ಹೊರಬಿದ್ದು ರಸ್ತೆ ದಾಟಿದರೆ ಐದು ನಿಮಿಷದೊಳಗೆ ಮರಳು. ಅಲ್ಲಿಂದ ಹಳೆಯ ಊರು, ಬಂದರಿನ ಕಟ್ಟೆಯವರೆಗೂ ದಂಡೆಯ ರಸ್ತೆ ಮಟ್ಟಸವಾಗಿದೆ, ನಡುನಡುವೆ ಬೆಂಚುಗಳಿವೆ. ಮರಳು ಮೆತ್ತಗಿದೆ, ಬ್ರೈಟನ್‌ನ ದಂಡೆಯಂತೆ ಮುಷ್ಟಿ ಗಾತ್ರದ ಉರುಟುಕಲ್ಲಲ್ಲ. ಬ್ರೈಟನ್‌ನ ಕಲ್ಲಿನ ಮೇಲೆ ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ನಿಮ್ಮ ಅತ್ತೆಯವರ ಮಂಡಿ ದೂರು ಹೇಳುತ್ತದೆ. ಮಾರ್ಗೇಟ್‌ನಲ್ಲೂ ಇಳಿತದಲ್ಲಿ ನೀರು ದೂರ ಹೋಗುತ್ತದೆ, ಆದರೆ ಕೆಳಗೆ ಸಿಗುವುದು ಮರಳು. ದೊಡ್ಡ ಉಬ್ಬರದಲ್ಲೂ ಕೂರಲು ಒಂದಿಷ್ಟು ಮರಳು ಉಳಿಯುತ್ತದೆ. ಊರಿನ ಒಂದು ದೋಷ ಹೇಳಿಬಿಡಬೇಕು: ಬೇಸಿಗೆಯ ಕೆಲವು ದಿನ ಬಂದರಿನ ಮೂಲೆಯಲ್ಲಿ ಕಡಲ ಪಾಚಿ ರಾಶಿ ಬಿದ್ದು ಕೊಳೆತು ನಾರುತ್ತದೆ. ವಾಸನೆ ಬಂದರೆ ನಿಲ್ದಾಣದ ಕಡೆಯ ಅಂಚಿಗೆ ಸರಿದು ಕೂರಿ.

ರೈಲು ನಿಮಗೆ ಸಿಗುವುದು ಸ್ಟ್ರಾಟ್‌ಫರ್ಡ್ ಇಂಟರ್‌ನ್ಯಾಷನಲ್‌ನಲ್ಲಿ. ಇದು ಟ್ಯೂಬ್ ಬರುವ ಸ್ಟ್ರಾಟ್‌ಫರ್ಡ್ ನಿಲ್ದಾಣವಲ್ಲ, ಬೇರೆಯೇ ಕಟ್ಟಡ. ನಡುವೆ ಮಾಲ್ ದಾಟಿ ಹತ್ತು ನಿಮಿಷದ ನಡಿಗೆ, ಇಲ್ಲವೇ ಡಿಎಲ್‌ಆರ್ ಎಂಬ ಲಘು ರೈಲಿನಲ್ಲಿ ಒಂದು ಸ್ಟಾಪ್. ಹಿರಿಯರಿದ್ದಾರೆ, ಡಿಎಲ್‌ಆರ್ ಹಿಡಿಯಿರಿ. ಅಲ್ಲಿಂದ ಹೈಸ್ಪೀಡ್ ರೈಲಿಗೆ ಮಾರ್ಗೇಟ್ ಹೆಚ್ಚುಕಡಿಮೆ ಒಂದೂವರೆ ಗಂಟೆ. ಈ ಹೈಸ್ಪೀಡ್ ದಾರಿಗೆ ಟಿಕೆಟ್ ಸ್ವಲ್ಪ ದುಬಾರಿ. ಅಗ್ಗದ್ದೆಂದು ಮಾಮೂಲಿ ದಾರಿಯ ಟಿಕೆಟ್ ಕೊಂಡು ಇದನ್ನು ಹತ್ತಿದರೆ ಒಳಗೆ ಹೆಚ್ಚುವರಿ ಹಣ ಕೇಳುತ್ತಾರೆ, ಕೊಳ್ಳುವಾಗಲೇ ಹೈಸ್ಪೀಡ್ ಸೇರಿದೆಯೇ ನೋಡಿ.

ನಾಲ್ಕು ಜನ ದೊಡ್ಡವರು, ಒಂಬತ್ತು ವರ್ಷದ ಒಂದು ಮಗು: ಫ್ಯಾಮಿಲಿ ಅಂಡ್ ಫ್ರೆಂಡ್ಸ್ ರೈಲ್‌ಕಾರ್ಡ್ ಮಾಡಿಸಿದ್ದೇ ನಿಮಗಾಗಿ ಎನ್ನುವಂತಿದೆ. ಒಂದೇ ಕಾರ್ಡಿನಲ್ಲಿ ನಾಲ್ಕು ದೊಡ್ಡವರವರೆಗೆ ಮೂರನೇ ಒಂದು ಪಾಲು, 5ರಿಂದ 15 ವರ್ಷದ ಮಕ್ಕಳಿಗೆ ಶೇ. 60 ರಿಯಾಯಿತಿ. ಕನಿಷ್ಠ ಅಂಥ ಒಂದು ಮಗು ಪ್ರಯಾಣದ ಉದ್ದಕ್ಕೂ ಜೊತೆಗಿರಬೇಕು. ನಿಮ್ಮ ಚಿಕ್ಕದಕ್ಕೆ ಹೇಗೂ ಟಿಕೆಟ್ಟಿಲ್ಲ, ಆದರೆ ಲೆಕ್ಕಕ್ಕೂ ಅದು ಬರುವುದಿಲ್ಲ. ದೊಡ್ಡ ಮಗುವೇ ಬೇಕು. ವಾರದ ದಿನಗಳಲ್ಲಿ ಲಂಡನ್ ಸುತ್ತಮುತ್ತ ಬೆಳಗಿನ ದಟ್ಟಣೆಯ ಹೊತ್ತಿಗೆ ಕಾರ್ಡು ನಡೆಯುವುದಿಲ್ಲ. ಅತ್ತೆ ಮಾವ ಇಬ್ಬರೇ ಎಲ್ಲಿಗಾದರೂ ಹೋಗುವುದಿದ್ದರೆ, 60 ತುಂಬಿದವರಿಗೆ ಸೀನಿಯರ್ ರೈಲ್‌ಕಾರ್ಡ್ ಉಂಟು. ಭಾರತದ ಪಾಸ್‌ಪೋರ್ಟ್ ತೋರಿಸಿದರೂ ಕೊಡುತ್ತಾರೆ.

ಭಾನುವಾರ ಬೇಡ. ಹಳಿ ದುರಸ್ತಿಯನ್ನು ಇಲ್ಲಿ ಭಾನುವಾರ ಮತ್ತು ಬ್ಯಾಂಕ್ ಹಾಲಿಡೇ ಎಂಬ ಸಾರ್ವಜನಿಕ ರಜೆಗಳಿಗೇ ಇಡುತ್ತಾರೆ, ನಿಮಗೆ ಸಿಕ್ಕ ಬದಲಿ ಬಸ್ಸು ಅದರ ಫಲ. ಶಾಲೆಗೆ ರಜೆ ಇದೆಯಲ್ಲ, ಮಂಗಳವಾರದಿಂದ ಗುರುವಾರದೊಳಗೆ ಒಂದು ದಿನ ನೋಡಿ. ಆಗಸ್ಟ್ ಕೊನೆಯ ಸೋಮವಾರವನ್ನಂತೂ ಕೈ ಮುಗಿದು ಬಿಡಿ. 1871ರ ಕಾನೂನು ಕೆಲಸಗಾರರಿಗೆ ಕೊಟ್ಟ ಬ್ಯಾಂಕ್ ಹಾಲಿಡೇ ರಜೆಗಳೇ ಈ ಊರುಗಳಿಗೆ ರೈಲುಗಟ್ಟಲೆ ಜನ ತಂದು ತುಂಬಿದ್ದು. ಇವತ್ತಿಗೂ ಆ ದಿನ ಚಿಪ್ಸಿನ ಸಾಲು, ಶೌಚಾಲಯದ ಸಾಲು, ರೈಲಿನ ಸಾಲು ಎಲ್ಲವೂ ತಿರುಪತಿಯ ಲೆಕ್ಕ.

ತಲುಪಿದ ಮೇಲೆ ಮೊದಲ ಕೆಲಸ ಕೂರುವ ಜಾಗ. ಮರಳಿನ ಮೇಲೆ ಚಾಪೆ ಹಾಸಿ ಕೂತರೆ ಹಿರಿಯರಿಗೆ ಏಳುವುದು ಕಷ್ಟ. ಡೆಕ್‌ಚೇರ್ ಬಾಡಿಗೆಗೆ ಸಿಕ್ಕರೂ ಅದು ತೊಟ್ಟಿಲಿನಂತೆ ಹಿಂದಕ್ಕೆ ಬಾಗಿರುತ್ತದೆ. ಮಂಡಿ ನೋವಿನವರು ಕೂರುವುದು ಸುಲಭ, ಏಳಲು ಇಬ್ಬರು ಬೇಕು. ಮಡಚುವ ನೇರ ಬೆನ್ನಿನ ಎರಡು ಕುರ್ಚಿ ಹೊತ್ತೊಯ್ಯಿರಿ, ಇಲ್ಲವೇ ಅವರನ್ನು ರಸ್ತೆಯ ಅಂಚಿನ ಬೆಂಚಿನಲ್ಲಿ ಕೂರಿಸಿ ಅದರ ನೇರಕ್ಕೆ ಕೆಳಗೆ ನೀವು ಬಿಡಾರ ಹೂಡಿ. ವಿಂಡ್‌ಬ್ರೇಕ್ ಎಂದು ಕಂಬಕ್ಕೆ ಬಟ್ಟೆ ಬಿಗಿದ ಮರೆ ಸಿಗುತ್ತದೆ, ದುಡ್ಡಿಗೆ ಮೋಸವಿಲ್ಲದ ವಸ್ತು. ಕಂಬಗಳನ್ನು ಕಾಲು ಭಾಗದಷ್ಟು ಮರಳೊಳಗೆ ಹೊಡೆದು, ಗಾಳಿ ಬರುವ ಕಡೆಗೆ ಬಿಲ್ಲಿನಂತೆ ಬಾಗಿಸಿ ನಿಲ್ಲಿಸಬೇಕು. ನೇರ ಗೋಡೆಯಂತೆ ನಿಲ್ಲಿಸಿದರೆ ಮೊದಲ ಬಿರುಸಿಗೇ ಕಿತ್ತು ಬರುತ್ತದೆ. ದೊಡ್ಡ ಕೊಡೆ ಇನ್ನೂ ಅಪಾಯ, ಹಾರಿ ಪಕ್ಕದವರಿಗೆ ಬಡಿಯುತ್ತದೆ. ದಂಡೆಯಲ್ಲಿ ಮರದ ನೆರಳು ಎಂಬುದಿಲ್ಲ. ಗಾಳಿ ತಣ್ಣಗಿದ್ದರೂ ಬಿಸಿಲು ಸುಡುತ್ತದೆ, ಮಕ್ಕಳ ಕಿವಿ, ಕತ್ತಿಗೂ ಸನ್‌ಸ್ಕ್ರೀನ್ ಹಚ್ಚಿ.

ಬಟ್ಟೆಯ ವಿಷಯ ಒಂದು ಮಾತು. ಅತ್ತೆಯವರು ಸೀರೆಯಲ್ಲೇ ಬರುತ್ತೇನೆ ಎಂದರೆ ಬರಲಿ, ಸೆರಗಿಗೆ ಪಿನ್ನು, ಒಳಗೆ ಥರ್ಮಲ್, ಕಾಲಿಗೆ ಸಾಕ್ಸು ಮತ್ತು ಶೂ. ಮಾವನವರ ಮಂಕಿ ಟೋಪಿಯನ್ನು ನೋಡಿ ಯಾರೂ ನಗುವುದಿಲ್ಲ. ಆಗಸ್ಟಿನಲ್ಲಿ ಉಣ್ಣೆ ಕೋಟು ಹೊದ್ದು ಐಸ್‌ಕ್ರೀಮ್ ತಿನ್ನುವ ಜನ ಇವರು.

ಮರಳಿನ ಕೋಟೆಗೆ ಅಳತೆ ಉಂಟು: ಎಂಟು ಬಕೆಟ್ ಒಣ ಮರಳಿಗೆ ಒಂದು ಬಕೆಟ್ ನೀರು. ಕಡಿಮೆಯಾದರೆ ಉದುರುತ್ತದೆ, ಹೆಚ್ಚಾದರೆ ಕುಸಿಯುತ್ತದೆ. ಉಬ್ಬರದ ಗೆರೆಗಿಂತ ಸ್ವಲ್ಪ ಕೆಳಗೆ ಕಟ್ಟಿದರೆ ಮಧ್ಯಾಹ್ನ ನೀರು ಬಂದು ಕಂದಕ ತುಂಬುವ ತಮಾಷೆಯೂ ಸಿಗುತ್ತದೆ.

ನೀರಿಗಿಳಿಯುವ ಮುನ್ನ ಬಾವುಟ ನೋಡಿ. ಮೇಲೆ ಕೆಂಪು ಕೆಳಗೆ ಹಳದಿ ಇರುವ ಎರಡು ಬಾವುಟಗಳ ನಡುವೆ ಮಾತ್ರ ಲೈಫ್‌ಗಾರ್ಡ್‌ಗಳ ಕಣ್ಣಿರುತ್ತದೆ, ಈಜುವುದು ಅಲ್ಲೇ. ಕಪ್ಪು ಬಿಳಿ ಚೌಕಗಳ ಬಾವುಟ ಸರ್ಫ್ ಹಲಗೆಯವರಿಗೆ. ಪೂರ್ತಿ ಕೆಂಪು ಇದ್ದರೆ ನೀರಿಗೆ ಇಳಿಯಲೇಬಾರದು. ಕಿತ್ತಳೆ ಬಣ್ಣದ ಗಾಳಿಚೀಲ ಹಾರುತ್ತಿದ್ದರೆ ಗಾಳಿ ನೆಲದಿಂದ ಕಡಲಿನತ್ತ ಎಂದರ್ಥ, ಗಾಳಿ ತುಂಬಿದ ಬಾತುಕೋಳಿ, ಟ್ಯೂಬು ಯಾವುದೂ ನೀರಿಗೆ ಬೇಡ. ಇಲ್ಲೊಂದು ಸಿಕ್ಕು ಇದೆ. ಮಾರ್ಗೇಟ್ ಬೆಚ್ಚಗಿರುವುದು ದಕ್ಷಿಣದ ಗಾಳಿಯಲ್ಲಿ ಎಂದೆವಲ್ಲ, ಅದೇ ಗಾಳಿ ಮಗುವಿನ ಟ್ಯೂಬನ್ನು ಕಡಲಿನೊಳಕ್ಕೆ ಒಯ್ಯುತ್ತದೆ. ನೀರು ಶಾಂತವಾಗಿ, ಕೆರೆಯಂತೆ ಕಾಣುವ ದಿನವೇ ಇದು ನಡೆಯುವುದು.

ಆಗಸ್ಟಿನಲ್ಲೂ ಇಲ್ಲಿನ ಕಡಲು 18 ಡಿಗ್ರಿಯ ಆಸುಪಾಸು. ಉತ್ತರಕ್ಕೆ ಹೋದಷ್ಟೂ ಕಡಿಮೆ, ಮೇ ತಿಂಗಳಲ್ಲಿ ದಕ್ಷಿಣದಲ್ಲೂ ಹನ್ನೊಂದು ಹನ್ನೆರಡು. ದಿಢೀರನೆ ಧುಮುಕಿದರೆ ಉಸಿರು ಕಟ್ಟಿ ಏದುಸಿರು ಬರುತ್ತದೆ, ಆಗ ಬಾಯಿಗೆ ನೀರು ಹೋದರೆ ಕಷ್ಟ. ಕಾಲು, ಕೈ, ಕತ್ತು ಎಂದು ನಿಧಾನವಾಗಿ ಒದ್ದೆ ಮಾಡಿಕೊಳ್ಳಬೇಕು. ಉಸಿರು ಕಟ್ಟಿದರೆ ಈಜಲು ಹೆಣಗದೆ ಅಂಗಾತ ತೇಲಿ ಒಂದೆರಡು ನಿಮಿಷ ಕಾಯಬೇಕು. ಮಕ್ಕಳಿಗೆ ಹತ್ತು ಹದಿನೈದು ನಿಮಿಷ ಸಾಕು, ತುಟಿ ನೀಲಿಯಾಗುವ ಮುಂಚೆ ಹೊರಗೆ. ಹಿಂದಿನ ಒಂದೆರಡು ದಿನ ಜೋರು ಮಳೆಯಾಗಿದ್ದರೆ ಚರಂಡಿ ನೀರು ಕಡಲಿಗೆ ಸೇರಿರುವ ಸಂಭವವುಂಟು, ಆ ದಿನ ಪಾದ ತೋಯಿಸಿಕೊಂಡರೆ ಸಾಕು. ಇಳಿತದ ಹೊತ್ತಿನಲ್ಲಿ ಆಳವಿಲ್ಲದ ಮರಳಿನಲ್ಲಿ ವೀವರ್ ಎಂಬ ಪುಟ್ಟ ಮೀನು ಹುದುಗಿರುತ್ತದೆ, ತುಳಿದರೆ ಬೆನ್ನಿನ ಮುಳ್ಳು ಚುಚ್ಚಿ ವಿಪರೀತ ಉರಿ. ರಬ್ಬರ್ ಅಟ್ಟೆಯ ಬೀಚ್ ಶೂ ಹಾಕಿಸಿ. ಚುಚ್ಚಿದರೆ ಮಂಜುಗಡ್ಡೆ ಇಡಬೇಡಿ. ತಾಳುವಷ್ಟು ಬಿಸಿ ನೀರಿನಲ್ಲಿ ಅರ್ಧ ಗಂಟೆ ಕಾಲು ಇಟ್ಟರೆ ನೋವು ಇಳಿಯುತ್ತದೆ. ಲೈಫ್‌ಗಾರ್ಡ್ ಗುಡಿಸಿಲಿನಲ್ಲಿ ಇದಕ್ಕೆ ನೆರವು ಸಿಗುತ್ತದೆ. ಯಾರಾದರೂ ಕೊಚ್ಚಿಹೋದರೆ 999ಕ್ಕೆ ಕರೆ ಮಾಡಿ ಕೋಸ್ಟ್‌ಗಾರ್ಡ್ ಎಂದು ಕೇಳಬೇಕು, ಪೊಲೀಸ್ ಎಂದಲ್ಲ.

ಈಗ ಊಟ. ಸಸ್ಯಾಹಾರಿಗಳಿಗೆ ಮುಖ್ಯವಾದ ಸಂಗತಿ ಯಾವ ಫಲಕದಲ್ಲೂ ಬರೆದಿರುವುದಿಲ್ಲ. ಯಾರ್ಕ್‌ಶೈರ್‌ನಲ್ಲಿ ಮತ್ತು ಉತ್ತರದ ಬಹಳಷ್ಟು ಅಂಗಡಿಗಳಲ್ಲಿ ಚಿಪ್ಸನ್ನು ಕರಿಯುವುದು ಬೀಫ್ ಡ್ರಿಪಿಂಗ್‌ನಲ್ಲಿ, ಅಂದರೆ ದನದ ಕೊಬ್ಬಿನಲ್ಲಿ. ಬರೀ ಆಲೂಗಡ್ಡೆ ಎಂದು ಕೊಂಡ ಪೊಟ್ಟಣ ಸಸ್ಯಾಹಾರ ಆಗಿರುವುದಿಲ್ಲ. ದಕ್ಷಿಣದಲ್ಲಿ ಹೆಚ್ಚಿನ ಕಡೆ ಸಸ್ಯಜನ್ಯ ಎಣ್ಣೆಯೇ, ಆದರೂ ಅದೇ ಬಾಣಲೆಯಲ್ಲಿ ಮೀನು ಕರಿಯುತ್ತಾರೆಯೇ ಎಂಬುದು ಬೇರೆ ಪ್ರಶ್ನೆ. ಕೌಂಟರಿನಲ್ಲಿ ಎರಡನ್ನೂ ಕೇಳಿ: ಯಾವುದರಲ್ಲಿ ಕರಿಯುತ್ತೀರಿ, ಚಿಪ್ಸಿಗೆ ಬೇರೆ ಬಾಣಲೆ ಉಂಟೇ. ದಿನಾ ಹತ್ತು ಜನ ಕೇಳುವ ಪ್ರಶ್ನೆ, ಸಂಕೋಚ ಬೇಡ. ಒಂದು ಮಾಮೂಲಿ ಪೊಟ್ಟಣ ಇಬ್ಬರಿಗೆ ಧಾರಾಳ. ಜೊತೆಗೆ ಬರುವ ಮಷಿ ಪೀಸ್, ಬೇಯಿಸಿ ಮಸೆದ ದೊಡ್ಡ ಬಟಾಣಿ, ಸಪ್ಪೆ. ಉಪ್ಪು, ವಿನಿಗರ್ ಜೊತೆಗೆ ನಿಮ್ಮ ಚಟ್ನಿಪುಡಿ ಉದುರಿಸಿದರೆ ಮಾವನವರಿಗೂ ಸೇರುತ್ತದೆ.

ಸಿಹಿಯಲ್ಲೂ ಎಚ್ಚರ ಬೇಕು. ಜೆಲ್ಲಿ ಮಿಠಾಯಿ, ಮಾರ್ಷ್‌ಮ್ಯಾಲೋಗಳಲ್ಲಿ ಸಾಮಾನ್ಯವಾಗಿ ಪ್ರಾಣಿಮೂಲದ ಜೆಲಟಿನ್ ಇರುತ್ತದೆ. ಕೆಂಪು, ಗುಲಾಬಿ ಬಣ್ಣದ ತಿಂಡಿಯ ಹಿಂದೆ ಇ120 ಎಂದಿದ್ದರೆ ಅದು ಹುಳುವಿನಿಂದ ತೆಗೆದ ಬಣ್ಣ. ಬಾಂಬೆ ಮಿಠಾಯಿ ಇಲ್ಲಿ ಕ್ಯಾಂಡಿ ಫ್ಲಾಸ್, ಮಕ್ಕಳಿಗೆ ಪರಿಚಯ ಬೇಡ. ಊರಿಗೆ ಒಯ್ಯಲು ರಾಕ್ ಎಂಬ ಪುದೀನ ರುಚಿಯ ಸಕ್ಕರೆ ಕೋಲು ಕೊಳ್ಳಿ. ಎಲ್ಲಿ ಕಚ್ಚಿದರೂ ಒಳಗೆ ಊರಿನ ಹೆಸರಿನ ಅಕ್ಷರಗಳು ಕಾಣುತ್ತವೆ. ಬಿಸಿ ಪಾಕವನ್ನು ಬಣ್ಣದ ಪಟ್ಟಿಗಳಾಗಿ ಜೋಡಿಸಿ, ಅಕ್ಷರ ಅಡಗಿದ ತೊಡೆಗಾತ್ರದ ದಿಂಡು ಮಾಡಿ, ಅದನ್ನು ಎಳೆದೆಳೆದು ಬೆರಳುಗಾತ್ರಕ್ಕೆ ತರುತ್ತಾರೆ. ಅಕ್ಷರ ದಿಂಡಿನ ಉದ್ದಕ್ಕೂ ಹಾಗೇ ಸಣ್ಣದಾಗುತ್ತಾ ಹೋಗುತ್ತದೆ. ಬೆಂಡು ಬತ್ತಾಸಿನ ಸೋದರ ಸಂಬಂಧಿ, ಆದರೆ ಹಲ್ಲು ಗಟ್ಟಿ ಇರಬೇಕು. ಮಾವನವರಿಗೆ ಕುಟ್ಟಿ ಕೊಡಿ.

ಬುತ್ತಿ ಕಟ್ಟಿಕೊಂಡು ಹೋಗುವುದೇ ಜಾಣತನ. ಪುಳಿಯೋಗರೆ ಕೆಡುವುದಿಲ್ಲ, ತಣ್ಣಗಾದರೂ ರುಚಿ. ಮೊಸರನ್ನಕ್ಕೆ ಐಸ್ ಪ್ಯಾಕ್ ಇರುವ ಚೀಲ ಬೇಕು. ಚಪಾತಿ ಸುರುಳಿ ಮಾತ್ರ ಬೇಡ, ಕೈಯಲ್ಲಿ ಹಿಡಿದು ತಿನ್ನುವ ಎಲ್ಲದಕ್ಕೂ ಗಲ್ ಎಂಬ ಕಡಲಹಕ್ಕಿ ಪಾಲುದಾರ. ಕಾಗೆಯಲ್ಲ ಇದು, ರೆಕ್ಕೆ ಬಿಚ್ಚಿದರೆ ಒಂದೂಕಾಲು ಮೀಟರ್ ದಾಟುತ್ತದೆ, ಹಿಂದಿನಿಂದ ಬಂದು ಕೈಯಿಂದಲೇ ಕಸಿಯುತ್ತದೆ. ಗೋಡೆಗೆ ಬೆನ್ನು ಕೊಟ್ಟು ಕೂತು, ಮುಚ್ಚಳದ ಡಬ್ಬಿಯಲ್ಲಿ ತಿನ್ನಿ. ಹಕ್ಕಿಯನ್ನು ದಿಟ್ಟಿಸಿ ನೋಡಿದರೆ ಅದು ಹಿಂಜರಿಯುತ್ತದೆ ಎಂದು ಎಕ್ಸಿಟರ್ ವಿಶ್ವವಿದ್ಯಾಲಯದವರು 2019ರಲ್ಲಿ ಪರೀಕ್ಷೆ ಮಾಡಿ ತೋರಿಸಿದ್ದಾರೆ. ಕಾಳು ಹಾಕುವುದು ಪುಣ್ಯದ ಕೆಲಸವಲ್ಲ ಇಲ್ಲಿ, ಕೆಲವು ಊರುಗಳಲ್ಲಿ ದಂಡ ಹಾಕುತ್ತಾರೆ. ಹೊಡೆಯುವಂತೆಯೂ ಇಲ್ಲ, ಹಕ್ಕಿಗೆ ಕಾನೂನಿನ ರಕ್ಷಣೆ ಇದೆ. ಥರ್ಮಾಸ್‌ನಲ್ಲಿ ಕಾಫಿ ಇರಲಿ, ದಂಡೆಯ ಕೆಫೆಗಳು ನಾಲ್ಕು ಐದಕ್ಕೆ ಬಾಗಿಲು ಹಾಕಿದಾಗಲೇ ಹಿರಿಯರಿಗೆ ಕಾಫಿ ನೆನಪಾಗುವುದು.

ಮಧ್ಯಾಹ್ನದ ಮೇಲೆ ಮಕ್ಕಳು ಆಟದ ಯಂತ್ರಗಳಿರುವ ಆರ್ಕೇಡಿಗೆ ಎಳೆಯುತ್ತಾರೆ. ಎರಡು ಪೆನ್ನಿ ನಾಣ್ಯ ಹಾಕಿದರೆ ಹಲಗೆ ಸರಿದು ಮುಂದಿನ ನಾಣ್ಯಗಳನ್ನು ಬೀಳಿಸುವ ಯಂತ್ರದ ಮುಂದೆ ನಿಲ್ಲಿಸಿ, ಬೇರೆ ಯಂತ್ರಗಳ ಹತ್ತಿರ ಬಿಡಬೇಡಿ. ಮಗುವಿಗೆ ಎರಡು ಪೌಂಡು ಚಿಲ್ಲರೆ ಮಾಡಿಸಿದರೆ ನೂರು ನಾಣ್ಯ, ಮುಗಿದ ಮೇಲೆ ಮತ್ತೆ ಕೊಡುವುದಿಲ್ಲ ಎಂದು ಒಳಗೆ ಹೋಗುವ ಮೊದಲೇ ಹೇಳಿ. ಗೆದ್ದ ನಾಣ್ಯವೂ ಅದೇ ಯಂತ್ರಕ್ಕೆ ಹೋಗುತ್ತದೆ ಎಂಬುದು ಬೇರೆ ಮಾತು. ಆ ಹೊತ್ತಿಗೆ ಹಿರಿಯರಿಗೆ ದಂಡೆಯ ಇನ್ನೊಂದು ತುದಿಯಲ್ಲಿ ಟರ್ನರ್ ಕಂಟೆಂಪರರಿ ಕಲಾ ಗ್ಯಾಲರಿ ಇದೆ. 2011ರಲ್ಲಿ ತೆರೆದದ್ದು, ಪ್ರವೇಶ ಉಚಿತ, ಲಿಫ್ಟ್ ಇದೆ, ಚೊಕ್ಕ ಶೌಚಾಲಯವಿದೆ, ಗಾಜಿನ ಹಿಂದೆ ಕೂತು ಬೆಚ್ಚಗೆ ಕಡಲು ನೋಡಬಹುದು. ಸೋಮವಾರ ಸಾಮಾನ್ಯವಾಗಿ ಮುಚ್ಚಿರುತ್ತದೆ. ಮಂಡಿ ಒಪ್ಪಿದರೆ ಶೆಲ್ ಗ್ರಾಟೋ ನೋಡಲೇಬೇಕಾದ ಜಾಗ. 1835ರಲ್ಲಿ ಪತ್ತೆಯಾದ ನೆಲದಡಿಯ ಗುಹೆ. ಗೋಡೆ ತುಂಬಾ ಸುಮಾರು 46 ಲಕ್ಷ ಕಪ್ಪೆಚಿಪ್ಪು, ಶಂಖಗಳ ಕುಸುರಿ. ಯಾರು ಯಾವಾಗ ಮಾಡಿದರೆಂದು ಇಂದಿಗೂ ಇತ್ಯರ್ಥವಾಗಿಲ್ಲ. ಕೆಳಗಿಳಿಯಲು ಮೆಟ್ಟಿಲುಗಳಿವೆ, ಅತ್ತೆಯವರು ಮೇಲೆ ಉಳಿಯುವುದಾದರೆ ಜೊತೆಗೊಬ್ಬರು ಇರಿ.

ಉತ್ತರದ ಗಾಳಿಯಿಂದಾಗಿ ಬ್ರೈಟನ್‌ಗೆ ಹೊರಟರೆ ದಿನದ ಸ್ವರೂಪವೇ ಬೇರೆ. ಅಲ್ಲಿ ದಂಡೆ ನೋಡಲಿಕ್ಕೆ, ಊರು ಸುತ್ತಲಿಕ್ಕೆ. ವಿಕ್ಟೋರಿಯಾ ನಿಲ್ದಾಣದಿಂದ ಒಂದು ಗಂಟೆ, ಇಳಿದ ಮೇಲೆ ಕಡಲಿಗೆ ಕಾಲು ಗಂಟೆಯ ಇಳಿಜಾರು. ವಾಪಸಿಗೆ ಅದೇ ಏರು, ಆಗ ಬಸ್ಸು ಹಿಡಿಯಿರಿ. ಮಾವನವರಿಗೆ ರಾಯಲ್ ಪೆವಿಲಿಯನ್ ತೋರಿಸಿ. ಮುಂದೆ ನಾಲ್ಕನೇ ಜಾರ್ಜ್ ದೊರೆಯಾದ ರಾಜಕುಮಾರನಿಗಾಗಿ ಜಾನ್ ನ್ಯಾಶ್ 1815ರಿಂದ ಏಳೆಂಟು ವರ್ಷದಲ್ಲಿ ರೂಪ ಕೊಟ್ಟ ಅರಮನೆ. ಮೈಸೂರು ಅರಮನೆ ಕಂಡ ಕಣ್ಣಿಗೆ ಗುಮ್ಮಟಗಳು ಪರಿಚಿತ ಅನ್ನಿಸುತ್ತವೆ, ಒಳಗೆ ಹೊಕ್ಕರೆ ಚೀನಾದ ಅಲಂಕಾರ. ಮೊದಲ ಮಹಾಯುದ್ಧದಲ್ಲಿ ಇದು ಗಾಯಗೊಂಡ ಭಾರತೀಯ ಸೈನಿಕರ ಆಸ್ಪತ್ರೆಯಾಗಿತ್ತು. ತೀರಿಕೊಂಡ ಹಿಂದೂ, ಸಿಖ್ ಸೈನಿಕರನ್ನು ಊರಾಚೆಯ ಗುಡ್ಡದ ಮೇಲೆ ದಹನ ಮಾಡಿದರು. ಆ ಜಾಗದಲ್ಲಿ 1921ರಲ್ಲಿ ಅನಾವರಣಗೊಂಡ ಅಮೃತಶಿಲೆಯ ಸ್ಮಾರಕಕ್ಕೆ ಹೆಸರು ಛತ್ರಿ. ಅಲ್ಲಿಗೆ ಹುಲ್ಲುಗಾವಲಿನ ನಡುವೆ ಏರುದಾರಿಯಲ್ಲಿ ನಡೆದೇ ಹೋಗಬೇಕು, ವಾಹನ ಹೋಗುವುದಿಲ್ಲ. ಅರಮನೆಯ ದಕ್ಷಿಣದ ಬಾಗಿಲಲ್ಲಿರುವ ಇಂಡಿಯಾ ಗೇಟ್ ಕೂಡ ಅದೇ ನೆನಪಿನದ್ದು, ಅದಕ್ಕೆ ಮೆಟ್ಟಿಲೂ ಇಲ್ಲ, ಏರೂ ಇಲ್ಲ. ಬ್ರೈಟನ್ ದಂಡೆಯಲ್ಲಿ 1883ರಿಂದ ಓಡುತ್ತಿರುವ ವೋಕ್ಸ್ ಎಲೆಕ್ಟ್ರಿಕ್ ರೈಲು ಮಕ್ಕಳಿಗೆ, ಹಿರಿಯರಿಗೆ ಇಬ್ಬರಿಗೂ ಆಗುತ್ತದೆ. ಈಗಲೂ ಓಡುವ ವಿದ್ಯುತ್ ರೈಲುಗಳಲ್ಲಿ ಜಗತ್ತಿನಲ್ಲೇ ಹಳೆಯದು. ಈಸ್ಟ್‌ಬೋರ್ನ್ ಇನ್ನೂ ನಿಧಾನದ ಊರು, ಹೂದೋಟ, ಬ್ಯಾಂಡ್‌ಸ್ಟ್ಯಾಂಡ್, ಮಟ್ಟಸವಾದ ದಂಡೆ ರಸ್ತೆ. ಪಕ್ಕದ ಬೀಚಿ ಹೆಡ್ ಸುಣ್ಣಕಲ್ಲಿನ 162 ಮೀಟರ್ ಎತ್ತರದ ಬಂಡೆ. ಅಂಚಿನಲ್ಲಿ ಫೋಟೋ ಬೇಡ, ಬಂಡೆಯ ಬುಡದಲ್ಲೂ ಕೂರಬೇಡಿ. ಮೇಲಿನಿಂದ ಸೂಚನೆಯೇ ಇಲ್ಲದೆ ಚಕ್ಕೆ ಕಳಚುತ್ತದೆ.

ಬ್ಲ್ಯಾಕ್‌ಪೂಲ್ ಕೇಳುವವರು ಬಹಳ. 1894ರ 158 ಮೀಟರ್ ಎತ್ತರದ ಟವರ್, ಮೂರು ಪಿಯರ್, 1885ರಿಂದ ಟ್ರಾಮ್, ಆಗಸ್ಟ್ ಕೊನೆಯಿಂದ ಆರು ಮೈಲಿ ಉದ್ದದ ದೀಪಾಲಂಕಾರ: ಮೈಸೂರು ದಸರಾ ಬೆಳಕು ಕಡಲಿಗೆ ಇಳಿದಂತೆ. ಆದರೆ ಲಂಡನ್ನಿನಿಂದ ಒಂದು ದಿಕ್ಕಿಗೇ ಮೂರು ಗಂಟೆ, ದೀಪ ಹಚ್ಚುವುದು ಕತ್ತಲಾದ ಮೇಲೆ. ರಾತ್ರಿ ತಂಗುವುದಿದ್ದರೆ ಮಾತ್ರ ಹೋಗಿ. ಬ್ರಿಸ್ಟಲ್ ಕಡೆಯ ವೆಸ್ಟನ್‌ನ ಕೆಸರಿಗೂ, ಲ್ಯಾಂಕಶೈರ್‌ನ ಮೋರ್ಕಂಬ್ ಕೊಲ್ಲಿಯ ಹೂಳುಮರಳಿಗೂ ಮಕ್ಕಳನ್ನು ಇಳಿಸಬೇಡಿ. ಮೋರ್ಕಂಬ್‌ನಲ್ಲಿ 2004ರಲ್ಲಿ ಚಿಪ್ಪು ಆಯಲು ಹೋದ ಇಪ್ಪತ್ತಕ್ಕೂ ಹೆಚ್ಚು ಕೆಲಸಗಾರರನ್ನು ರಾತ್ರಿಯ ಉಬ್ಬರ ಸುತ್ತುವರಿದು ಮುಳುಗಿಸಿತು.

ವಾಪಸು ರೈಲಿಗೆ ಐದರಿಂದ ಆರೂವರೆಯ ನಡುವಿನ ಹೊತ್ತು ಬಿಡಿ, ಬಿಸಿಲಿನ ದಿನ ಇಡೀ ದಂಡೆ ಆಗಲೇ ನಿಲ್ದಾಣಕ್ಕೆ ನುಗ್ಗುತ್ತದೆ, ಹಿರಿಯರು ನಿಂತೇ ಬರಬೇಕಾಗುತ್ತದೆ. ಮಕ್ಕಳು ದಣಿದಿದ್ದರೆ ನಾಲ್ಕಕ್ಕೇ ಹೊರಡಿ. ಇಲ್ಲವೇ ಏಳೂವರೆಯವರೆಗೆ ಉಳಿಯಿರಿ. ಮಾರ್ಗೇಟ್ ಪಶ್ಚಿಮಕ್ಕೂ ಮುಖ ಮಾಡಿರುವುದರಿಂದ ಪೂರ್ವದ ಕರಾವಳಿಯಲ್ಲಿದ್ದೂ ಅಲ್ಲಿ ಸೂರ್ಯ ಕಡಲಿನತ್ತಲೇ ಇಳಿಯುತ್ತಾನೆ. ಆಗಸ್ಟ್ ಮೂರನೇ ವಾರದಲ್ಲಿ ಸೂರ್ಯಾಸ್ತ ಎಂಟರ ಸುಮಾರಿಗೆ. ಬಂದರಿನ ಕಟ್ಟೆಯ ಮೇಲೆ ಆ ಹೊತ್ತಿಗೆ ಗಾಳಿ ಚುರುಕಾಗಿರುತ್ತದೆ, ಶಾಲು ಬ್ಯಾಗಿನ ತಳದಲ್ಲಿ ಸೇರಿಸಿಡಬೇಡಿ, ಮೇಲೆಯೇ ಇರಲಿ.